ಮಗಳು ಬ್ರಿಟಿಷ್ ಸೈನ್ಯದ ‘ಉಗ್ರಾಣಿ’ ಆಗಲು ಹೊರಟಿದ್ದಾಳೆ, ಕಳಿಸಲೇ?

ಓದುಗರ ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತಿಪಟೂರಿನ ಕಡೆ ಒಂದು ಹಳ್ಳಿ. ಇಪ್ಪತ್ತನಾಲ್ಕು ವರ್ಷದಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮನೆಯ ಮೂವರಿಗೂ ಬ್ರಿಟಿಷ್ ಪಾಸ್‌ಪೋರ್ಟ್, ಜೊತೆಗೆ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್. ಒಬ್ಬಳೇ ಮಗಳು, 21 ವರ್ಷ, ಡಿಗ್ರಿಯ ಕೊನೆಯ ವರ್ಷ. ಯೂನಿವರ್ಸಿಟಿಯ ಆಫೀಸರ್ಸ್ ಟ್ರೇನಿಂಗ್ ಕೋರ್‌ಗೆ ಎರಡು ವರ್ಷದಿಂದ ಹೋಗುತ್ತಿದ್ದಾಳೆ. ಈಗ ಸೇನಾಧಿಕಾರಿಗಳ ತರಬೇತಿ ಅಕಾಡೆಮಿ ಸ್ಯಾಂಡ್‌ಹರ್ಸ್ಟ್‌ಗೆ ಅರ್ಜಿ ಹಾಕಿ, ಸಾಗಣೆ ಸರಬರಾಜಿನ ದಳವಾದ ರಾಯಲ್ ಲಾಜಿಸ್ಟಿಕ್ ಕೋರ್ ಸೇರುತ್ತೇನೆ ಅನ್ನುತ್ತಾಳೆ. ನಮ್ಮ ಮನೆಯವರು ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ. ಊರಿನಿಂದ ನಮ್ಮಣ್ಣ ಫೋನ್ ಮಾಡಿ, ‘ಸೈನ್ಯಕ್ಕೇ ಸೇರಿಸೋದಾದ್ರೆ ಉಗ್ರಾಣಿ ಕೆಲಸಕ್ಕೆ ಯಾಕಮ್ಮ? ಮೂಟೆ ಎಣಿಸೋರು ಎಲ್ಲಾದ್ರೂ ಜನರಲ್ ಆಗಿದ್ದಾರಾ? ಅದೂ ನಮ್ಮ ಬಣ್ಣದೋರು, ಹೆಣ್ಣುಮಗಳು ಬೇರೆ’ ಅಂದ. ಇನ್ನೊಬ್ಬರು, ಸೈನ್ಯ ಸೇರಿದರೆ ಓಸಿಐ ಹೋಗುತ್ತೆ ಅಂದರು. ನಮ್ಮತ್ತೆ ಊರಲ್ಲೇ ಇದ್ದಾರೆ, ತೆಂಗಿನ ತೋಟ ಇದೆ. ಲಾಜಿಸ್ಟಿಕ್ಸ್ ಅಂದರೆ ಯುದ್ಧದಿಂದ ದೂರ, ಹೆದರಬೇಡ ಅಂತ ಮಗಳು ನನಗೆ ಸಮಾಧಾನ ಹೇಳುತ್ತಾಳೆ. ಇದರಲ್ಲಿ ಯಾವುದು ನಿಜ ಸರ್?

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮಣ್ಣ ಹೇಳಿದ್ದರಲ್ಲಿ ಅರ್ಧ ತಪ್ಪು, ಕಾಲು ಭಾಗ ಸರಿ. ಓಸಿಐ ವಿಷಯ ಹೇಳಿದವರ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ನಿಮ್ಮ ಮಗಳು ಹೇಳುತ್ತಿರುವ ಸಮಾಧಾನ ಮಾತ್ರ ಪೂರ್ತಿ ತಪ್ಪು. ಅದು ಅವಳಿಗೂ ಗೊತ್ತಿರುತ್ತದೆ ಅನ್ನಿಸುತ್ತದೆ, ತಾಯಿ ನಿದ್ದೆಗೆಡಬಾರದು ಅಂತ ಹೇಳುತ್ತಿದ್ದಾಳೆ.

ನಾನು ಭಾರತೀಯ ಸೇನೆಯ ಆರ್ಮಿ ಸರ್ವಿಸ್ ಕೋರ್‌ನಲ್ಲಿ 22 ವರ್ಷ ಇದ್ದವನು. ಆ ದಳದ ತವರು ನಮ್ಮ ಬೆಂಗಳೂರೇ. ನಿವೃತ್ತಿಯಾದ ಮೇಲೆ ಮಕ್ಕಳ ಜೊತೆ ಇಂಗ್ಲೆಂಡಿಗೆ ಬಂದು, ಸಾಗಣೆ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತ, ಬ್ರಿಟಿಷ್ ಸೈನ್ಯದ ಲಾಜಿಸ್ಟಿಕ್ ದಳದಿಂದ ಹೊರಬಂದ ಮೇಜರ್, ಕರ್ನಲ್‌ಗಳ ಪಕ್ಕದ ಮೇಜಿನಲ್ಲಿ ಹತ್ತು ವರ್ಷ ಕೂತಿದ್ದೇನೆ. ಭಾರತೀಯ ಮೂಲದ ಮನೆಗಳಿಂದ ಅಧಿಕಾರಿ ಆಯ್ಕೆಗೆ ಹೋಗುವ ಹುಡುಗ ಹುಡುಗಿಯರನ್ನು ಬಿಡುವಿನಲ್ಲಿ ತಯಾರು ಮಾಡುತ್ತೇನೆ. ಮುಂದೆ ಹೇಳುವುದೆಲ್ಲ ಆ ಅನುಭವದಿಂದ.

ಮೊದಲು ಆ ‘ಉಗ್ರಾಣಿ’ ಪದದಿಂದಲೇ ಶುರು ಮಾಡೋಣ. ಮದುವೆ ಮನೆಯಲ್ಲಿ ಉಗ್ರಾಣ ನೋಡಿಕೊಳ್ಳುವವರು ಯಾರು? ಮನೆಯವರು ಅತ್ಯಂತ ನಂಬಿದ ಹಿರಿಯರು. ಬೀಗದಕೈ ಅವರ ಸೊಂಟದಲ್ಲಿ. ಎರಡನೇ ಪಂಕ್ತಿಗೆ ಹೋಳಿಗೆ ಸಾಲದಿದ್ದರೆ ಅದು ಅವರಿಗೆ ಮೊದಲನೇ ಪಂಕ್ತಿ ಏಳುವ ಮುಂಚೆಯೇ ಗೊತ್ತಾಗಿರಬೇಕು. ಸೈನ್ಯದ ಸರಬರಾಜು ಅಧಿಕಾರಿಯದೂ ಅದೇ ಕೆಲಸ. ಆದರೆ ಅವಳ ಉಗ್ರಾಣ ಒಂದು ಕೋಣೆಯಲ್ಲಿ ಇರುವುದಿಲ್ಲ. ಹಡಗಿನಲ್ಲಿ, ರೈಲಿನಲ್ಲಿ, ಲಾರಿ ಸಾಲಿನಲ್ಲಿ, ವಿಮಾನದ ಹೊಟ್ಟೆಯಲ್ಲಿ ಹಂಚಿಹೋಗಿ ಸದಾ ಚಲಿಸುತ್ತಿರುತ್ತದೆ. ಎದುರಾಳಿ ಅದನ್ನೇ ಹುಡುಕುತ್ತಿರುತ್ತಾನೆ.

ರಾಯಲ್ ಲಾಜಿಸ್ಟಿಕ್ ಕೋರ್ 1993ರ ಏಪ್ರಿಲ್‌ನಲ್ಲಿ ಹುಟ್ಟಿತು. ಅದಕ್ಕೆ ಮುಂಚೆ ಸಾರಿಗೆಗೆ ಒಂದು ದಳ, ಮದ್ದುಗುಂಡು ಮತ್ತು ಸಾಮಾನಿಗೆ ಒಂದು, ಅಡುಗೆಗೆ ಒಂದು, ಕೂಲಿ ಕೆಲಸಗಳಿಗೆ ಪಯನಿಯರ್ ದಳ ಒಂದು, ಇಂಜಿನಿಯರ್‌ಗಳ ಕೈಯಲ್ಲಿದ್ದ ಅಂಚೆ ಸೇವೆ ಬೇರೆ. ಎಲ್ಲವನ್ನೂ ಒಟ್ಟು ಸೇರಿಸಿದರು. ಇವತ್ತು ಬ್ರಿಟಿಷ್ ಸೈನ್ಯದಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಈ ದಳದವರು. ಲಾರಿ ಓಡಿಸುವವರು, ಬಂದರಿನಲ್ಲಿ ಸರಕು ಇಳಿಸುವವರು, ಪೆಟ್ರೋಲ್ ಪರೀಕ್ಷೆ ಮಾಡುವವರು, ಪ್ಯಾರಾಶೂಟ್ ಕಟ್ಟಿ ವಿಮಾನದಿಂದ ಸಾಮಾನು ಬೀಳಿಸುವವರು, ಬಾಂಬ್ ನಿಷ್ಕ್ರಿಯಗೊಳಿಸುವವರು, ಎಲ್ಲ ಇದರೊಳಗೇ. ಗೂರ್ಖಾಗಳದ್ದೇ ಒಂದು ಲಾಜಿಸ್ಟಿಕ್ ರೆಜಿಮೆಂಟ್ ಆಲ್ಡರ್‌ಶಾಟ್‌ನಲ್ಲಿದೆ. ಇಷ್ಟನ್ನು ಫೋನಿನಲ್ಲಿ ಹೇಳಿದರೆ ನಿಮ್ಮಣ್ಣನವರ ಮೂಟೆ ಲೆಕ್ಕ ಸ್ವಲ್ಪ ಬದಲಾದೀತು.

ಅವರಿಗೆ ಹೇಳಲು ನಮ್ಮೂರಿನದೇ ಕಥೆಯೂ ಒಂದಿದೆ. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದಿದ್ದ. ಅರಕೆರೆಯ ಹತ್ತಿರ ನಡೆದ ಕಾಳಗದಲ್ಲಿ ಗೆದ್ದೂ ಇದ್ದ. ಆದರೆ ಎತ್ತುಗಳು ಸತ್ತು ಹೋಗಿದ್ದವು, ಧಾನ್ಯ ಮುಗಿದಿತ್ತು, ಕೋಟೆ ಒಡೆಯುವ ದೊಡ್ಡ ಫಿರಂಗಿಗಳನ್ನು ಎಳೆಯುವವರಿಲ್ಲ. ತನ್ನ ಫಿರಂಗಿಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಹಿಂತಿರುಗಿದ. ಮರುವರ್ಷ ಲಂಬಾಣಿಗಳ ಎತ್ತಿನ ಹಿಂಡುಗಳ ಮೇಲೆ ಧಾನ್ಯ ಹೇರಿಸಿಕೊಂಡು ಬಂದಾಗ ಫಲಿತಾಂಶವೇ ಬೇರೆಯಾಯಿತು. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಈ ಪಾಠವನ್ನು ಚೆನ್ನಾಗಿ ಕಲಿತ. ಮೈಸೂರಿನ ಅಮೃತ ಮಹಲ್ ಎತ್ತುಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಂಡ, ಬುಟ್ಟಿ ಹೆಣೆದು ಚರ್ಮ ಹೊದಿಸಿದ ಹರಿಗೋಲುಗಳಲ್ಲಿ ತುಂಬಿದ ಹೊಳೆ ದಾಟಿದ. ಮುಂದೆ ನೆಪೋಲಿಯನ್ ವಿರುದ್ಧ ನಿಂತ ಡ್ಯೂಕ್ ಆಫ್ ವೆಲಿಂಗ್ಟನ್ ಈತನೇ.

ಈಗ ಭದ್ರತೆಯ ಪ್ರಶ್ನೆ. ‘ಹಿಂದಿನ ಸಾಲು’ ಅನ್ನುವುದು ಹಳೆಯ ಕಾಲದ ಮಾತು, ಹಳೆಯ ಕಾಲದಲ್ಲೂ ಪೂರ್ತಿ ನಿಜವಾಗಿರಲಿಲ್ಲ. 1982ರಲ್ಲಿ ಅರ್ಜೆಂಟೀನಾ ವಶಪಡಿಸಿಕೊಂಡಿದ್ದ ಫಾಕ್‌ಲೆಂಡ್ಸ್ ದ್ವೀಪಗಳಿಗೆ ಬ್ರಿಟನ್ ಸೈನ್ಯ ಕಳಿಸಿದಾಗ ದೂರ ಸುಮಾರು 13,000 ಕಿ.ಮೀ. ಹಡಗುಗಳನ್ನು ಎಷ್ಟು ಅವಸರದಲ್ಲಿ ತುಂಬಿದ್ದರು ಅಂದರೆ, ದಾರಿಯ ಮಧ್ಯೆ ಅಸೆನ್ಶನ್ ದ್ವೀಪದಲ್ಲಿ ನಿಲ್ಲಿಸಿ ಯಾವ ಸಾಮಾನು ಯಾವ ಹಡಗಿನಲ್ಲಿದೆ ಎಂದು ಹುಡುಕಿ ಮತ್ತೆ ಜೋಡಿಸಬೇಕಾಯಿತು. ಮೇ 25ರಂದು ‘ಅಟ್ಲಾಂಟಿಕ್ ಕನ್ವೇಯರ್’ ಎಂಬ ಸರಕು ಹಡಗಿಗೆ ಎಕ್ಸೋಸೆಟ್ ಕ್ಷಿಪಣಿ ಬಡಿಯಿತು. ಮೂರು ದೊಡ್ಡ ಚಿನೂಕ್ ಹೆಲಿಕಾಪ್ಟರ್‌ಗಳು ಹಡಗಿನೊಂದಿಗೆ ಸುಟ್ಟುಹೋದವು, ಸಾವಿರಾರು ಜನರಿಗೆ ಬೇಕಾದ ಡೇರೆಗಳೂ ಹೋದವು. ಹೆಲಿಕಾಪ್ಟರಿನಲ್ಲಿ ಹೋಗಬೇಕಾಗಿದ್ದ ಸೈನಿಕರು ಬೆನ್ನಮೇಲೆ ಹೊರೆ ಹೊತ್ತು ದ್ವೀಪದ ಜೌಗು ನೆಲದಲ್ಲಿ ನಡೆದರು. ಆಗ ದಡದಲ್ಲಿ ಸರಬರಾಜಿನ ರೆಜಿಮೆಂಟ್ ನಡೆಸುತ್ತಿದ್ದವರು ಸಾರಿಗೆ ದಳದಿಂದ ಬಂದ ಲೆಫ್ಟಿನೆಂಟ್ ಕರ್ನಲ್ ಐವರ್ ಹೆಲ್ಬರ್ಗ್. ಏಜ್ಯಾಕ್ಸ್ ಬೇ ಎಂಬಲ್ಲಿ ಪಾಳುಬಿದ್ದ ಕುರಿಮಾಂಸದ ಶೀತಲಗೃಹ ಒಂದಿತ್ತು. ಇದ್ದ ಚೂರು ಗಟ್ಟಿ ಜಾಗದಲ್ಲಿ ಒಂದು ಕಡೆ ಮದ್ದುಗುಂಡು, ಪಕ್ಕದಲ್ಲೇ ಆಸ್ಪತ್ರೆ. ಮೇ 27ರ ಸಂಜೆ ಅರ್ಜೆಂಟೀನಾದ ವಿಮಾನಗಳು ಬಂದು ಬಾಂಬ್ ಹಾಕಿದವು. ಜನ ಸತ್ತರು, ಮದ್ದುಗುಂಡಿನ ರಾಶಿ ರಾತ್ರಿಯೆಲ್ಲ ಸಿಡಿಯಿತು, ಸಿಡಿಯದೆ ಉಳಿದ ಬಾಂಬ್‌ಗಳು ಆಸ್ಪತ್ರೆಯ ಕಟ್ಟಡದೊಳಗೇ ಸಿಕ್ಕಿಕೊಂಡಿದ್ದವು. ಆ ಕಟ್ಟಡದಲ್ಲೇ ಶಸ್ತ್ರಚಿಕಿತ್ಸೆ ಮುಂದುವರೆಯಿತು.

ಅಫ್ಘಾನಿಸ್ತಾನದ ಹೆಲ್ಮಂಡ್‌ನಲ್ಲಿ ಬ್ಯಾಸ್ಟಿಯನ್ ನೆಲೆಯಿಂದ ಹೊರಡುತ್ತಿದ್ದ ಸರಬರಾಜು ಸಾಲುಗಳಲ್ಲಿ ನೂರಕ್ಕೂ ಹೆಚ್ಚು ವಾಹನಗಳು ಇರುತ್ತಿದ್ದವು. ದಾರಿಯುದ್ದಕ್ಕೂ ನೆಲದಲ್ಲಿ ಹೂತ ಬಾಂಬ್‌ಗಳು. ಉಕ್ರೇನಿನ ಯುದ್ಧದಲ್ಲಿ ಡ್ರೋನ್‌ಗಳು ಹುಡುಕುತ್ತಿರುವುದು ಟ್ಯಾಂಕನ್ನು ಎಷ್ಟೋ ಇಂಧನದ ಲಾರಿಯನ್ನೂ ಅಷ್ಟೇ. ಹಾಗಾಗಿ ಮಗಳು ಸುರಕ್ಷಿತ ಕೆಲಸಕ್ಕೆ ಹೋಗುತ್ತಿದ್ದಾಳೆ ಎಂಬ ನಂಬಿಕೆಯ ಮೇಲೆ ನೀವು ಒಪ್ಪಿಗೆ ಕೊಡಬೇಡಿ. ಅಪಾಯ ಗೊತ್ತಿದ್ದೇ ಕೊಡಿ, ಇಲ್ಲವೇ ಗೊತ್ತಿದ್ದೇ ಬೇಡ ಅನ್ನಿ. ಅವಳಿಗೆ 21, ಕಾಯಿದೆಯ ಪ್ರಕಾರ ನಿಮ್ಮ ಒಪ್ಪಿಗೆ ಅವಳಿಗೆ ಬೇಕಿಲ್ಲ. ಆದರೂ ಕೇಳುತ್ತಿದ್ದಾಳೆ ಎಂದರೆ ಆ ಮಾತಿಗೆ ಬೆಲೆ ಇದೆ.

ಜನರಲ್ ಆಗುತ್ತಾಳಾ ಅನ್ನುವ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ನಿಮ್ಮಣ್ಣ ಕಾಲು ಭಾಗ ಸರಿ.

ಸರಬರಾಜು ದಳದವರು ಜನರಲ್ ಆಗಿದ್ದಾರೆ. ಹಂಫ್ರಿ ಗೇಲ್ ಎಂಬುವರು 1911ರಲ್ಲಿ ಬ್ರಿಟಿಷ್ ಆರ್ಮಿ ಸರ್ವಿಸ್ ಕೋರ್‌ಗೆ ಸೇರಿದವರು. ಅದು ಇಂದಿನ ಲಾಜಿಸ್ಟಿಕ್ ಕೋರ್‌ನ ಮುತ್ತಜ್ಜನಂಥ ದಳ. 1942ರಲ್ಲಿ ಮಿತ್ರಪಡೆಗಳು ಉತ್ತರ ಆಫ್ರಿಕಾಕ್ಕೆ ಇಳಿದಾಗ ಅವುಗಳ ಅಮೆರಿಕನ್ ದಂಡನಾಯಕ ಐಸೆನ್‌ಹೋವರ್ ಅವರ ಮುಖ್ಯ ಆಡಳಿತಾಧಿಕಾರಿಯಾಗಿದ್ದರು. ನಾರ್ಮಂಡಿಗೆ ಇಳಿಯುವ ಹೊತ್ತಿಗೆ ಐಸೆನ್‌ಹೋವರ್ ಗೇಲ್ ಅವರನ್ನು ಲಂಡನ್ನಿಗೂ ಜೊತೆಗೆ ಕರೆತಂದರು. ಎರಡು ದೇಶಗಳ ಸೈನ್ಯ, ಎರಡು ಥರದ ಲೆಕ್ಕ, ಎರಡು ಥರದ ಆಹಾರ, ಅಳತೆ ಬೇರೆ, ಬೋಲ್ಟು ನಟ್ಟು ಬೇರೆ. ಇದನ್ನೆಲ್ಲ ಒಂದೇ ಹಡಗುಪಟ್ಟಿಗೆ ತರುವ ಕೆಲಸ ಅವರದ್ದು. ಲೆಫ್ಟಿನೆಂಟ್ ಜನರಲ್ ಆಗಿ ಯುದ್ಧ ಮುಗಿಸಿದರು. ಹೆಸರು ಎಷ್ಟು ಜನರಿಗೆ ಗೊತ್ತು ಅಂದರೆ, ಇಲ್ಲಿ ಇಂಗ್ಲೆಂಡಿನಲ್ಲೂ ಕಡಿಮೆಯೇ. ಈ ವೃತ್ತಿಯ ಸ್ವಭಾವ ಅದು, ಎಲ್ಲ ಸರಿಯಾಗಿ ನಡೆದರೆ ಯಾರೂ ಗಮನಿಸುವುದಿಲ್ಲ. ನಮ್ಮ ಕಾಲಕ್ಕೆ ಬಂದರೆ, ಸಾರಿಗೆ ದಳದಲ್ಲಿ ಶುರುಮಾಡಿದ ಮಾರ್ಕ್ ಪಾಫ್ಲಿ ಲೆಫ್ಟಿನೆಂಟ್ ಜನರಲ್ ಆಗಿ ರಕ್ಷಣಾ ಸಚಿವಾಲಯದಲ್ಲಿ ಮೂರೂ ಸೇನೆಗಳ ಸಾಮರ್ಥ್ಯ ನಿರ್ಧರಿಸುವ ಹುದ್ದೆಯವರೆಗೆ ಹೋದರು. ಕೋವಿಡ್ ಲಸಿಕೆ ಹಂಚುವಾಗ, 2021ರ ಜನವರಿ 7ರಂದು, ಪ್ರಧಾನಿಯ ಜೊತೆ ಟಿವಿಯಲ್ಲಿ ಯುದ್ಧದ ಸಮವಸ್ತ್ರದಲ್ಲೇ ನಿಂತು ವಿವರ ಕೊಟ್ಟವರು ಲಾಜಿಸ್ಟಿಕ್ ಬ್ರಿಗೇಡಿನ ಬ್ರಿಗೇಡಿಯರ್ ಫಿಲ್ ಪ್ರಾಸರ್. ನಿಮಗೂ ಆ ದೃಶ್ಯ ನೆನಪಿರಬಹುದು.

ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. ಇಂದಿನವರೆಗೆ ಸರಬರಾಜು ದಳದ ಒಬ್ಬ ಅಧಿಕಾರಿಯೂ ಬ್ರಿಟಿಷ್ ಸೇನೆಯ ಮುಖ್ಯಸ್ಥರಾಗಿಲ್ಲ. ಆ ಕುರ್ಚಿ ಬಹುತೇಕ ಕಾಲಾಳು, ಅಶ್ವದಳ, ಫಿರಂಗಿದಳ, ಇಂಜಿನಿಯರ್ ದಳದವರ ಸುತ್ತಲೇ ತಿರುಗುತ್ತ ಬಂದಿದೆ. ಅಷ್ಟೇ ಆಗಿದ್ದರೆ ಚಿಂತೆಯಿಲ್ಲ. ಸರಬರಾಜಿನ ಅತ್ಯುನ್ನತ ಹುದ್ದೆಗಳೂ ಈ ದಳಕ್ಕೆ ಮೀಸಲಲ್ಲ. ಕ್ವಾರ್ಟರ್‌ಮಾಸ್ಟರ್ ಜನರಲ್ (ಸೇನೆಯ ಸರಬರಾಜಿನ ಮುಖ್ಯಸ್ಥ) ಆಗಿ, ಆಮೇಲೆ ಮೂರೂ ಸೇನೆಗಳಿಗೆ ಸೇರಿ ಮೊದಲ ಲಾಜಿಸ್ಟಿಕ್ಸ್ ಮುಖ್ಯಸ್ಥರಾದ ಜನರಲ್ ಸ್ಯಾಮ್ ಕೊವಾನ್ ಸಂಪರ್ಕ ದಳದವರು. ಆಮೇಲೆ ಅದೇ ಹುದ್ದೆಗೆ ಬಂದ ಜನರಲ್ ಕೆವಿನ್ ಒ’ಡನಹ್ಯೂ ಇಂಜಿನಿಯರ್ ದಳದವರು. ಸಮರ್ಥರೇ, ಅನುಮಾನವಿಲ್ಲ. ಆದರೂ ಇಪ್ಪತ್ತೈದು ವರ್ಷ ಇದೇ ಕೆಲಸ ಮಾಡಿದವರಿಗೆ ಒಳಗೊಳಗೆ ನೋವಾಗುತ್ತದೆ. ನನ್ನ ಪಕ್ಕದ ಮೇಜಿನ ನಿವೃತ್ತ ಕರ್ನಲ್ ಒಬ್ಬರು ಚಹಾ ಕುಡಿಯುವಾಗ ಈ ಮಾತು ತೆಗೆದರೆ ಕಪ್ಪು ಕೆಳಗಿಡುತ್ತಿದ್ದರು.

ಇದಕ್ಕೆ ಕಾರಣ ಬರೀ ತಾತ್ಸಾರ ಅಂತ ನಾನು ಹೇಳುವುದಿಲ್ಲ. ಸೈನ್ಯದಲ್ಲಿ ಬ್ರಿಗೇಡಿಯರ್‌ಗಿಂತ ಮೇಲೆ ಹೋದಂತೆ ದಳದ ಗುರುತು ಕಳಚುತ್ತದೆ. ಅಲ್ಲಿ ಕೇಳುವುದು ಯೋಜನೆ, ಹಣಕಾಸು, ಬೇರೆ ಸೇನೆಗಳ ಜೊತೆ ಒಗ್ಗಿಕೊಳ್ಳುವುದು, ಮಂತ್ರಿಗಳ ಮುಂದೆ ಸರಿಯಾಗಿ ಮಾತಾಡುವುದು. ಕಾಳಗದ ದಳದವರಿಗೆ ಯುದ್ಧಭೂಮಿಯಲ್ಲಿ ಬ್ರಿಗೇಡ್, ಡಿವಿಷನ್ ನಡೆಸುವ ಅವಕಾಶ ಸಿಗುತ್ತದೆ, ಹೆಸರು ಅಲ್ಲಿ ಬೆಳೆಯುತ್ತದೆ. ಸರಬರಾಜಿನವರಿಗೆ ಅಂಥ ಹುದ್ದೆಗಳು ಬೆರಳೆಣಿಕೆಯಷ್ಟು. ತದ್ವಿರುದ್ಧವಾಗಿ, ಕಾಳಗದ ದಳದವರು ಸರಬರಾಜಿನ ಹುದ್ದೆಯಲ್ಲಿ ಕಲಿತು ಮೇಲೆ ಹೋಗಿದ್ದಾರೆ. ಆಳಾಗಿ ಸೇರಿ ಫೀಲ್ಡ್ ಮಾರ್ಷಲ್ ಆದ ಏಕೈಕ ಬ್ರಿಟಿಷ್ ಸೈನಿಕ ವಿಲಿಯಂ ರಾಬರ್ಟ್‌ಸನ್, 1914ರಲ್ಲಿ ಫ್ರಾನ್ಸಿಗೆ ಹೋದ ಸೈನ್ಯದ ಕ್ವಾರ್ಟರ್‌ಮಾಸ್ಟರ್ ಜನರಲ್ ಆಗಿದ್ದವರು. ಬೆಲ್ಜಿಯಂನ ಮಾನ್ಸ್‌ನಿಂದ ಸೈನ್ಯ ಹಿಮ್ಮೆಟ್ಟುತ್ತಿದ್ದಾಗ ಯಾವ ತುಕಡಿ ಎಲ್ಲಿದೆ ಅಂತ ತಿಳಿಯದ ಸ್ಥಿತಿ. ಆಹಾರವನ್ನು ರಸ್ತೆಗಳು ಕೂಡುವಲ್ಲಿ ರಾಶಿ ಹಾಕಿಸಿಬಿಟ್ಟರು, ಹಾದುಹೋಗುವವರು ಎತ್ತಿಕೊಂಡು ನಡೆಯಲಿ ಎಂದು. ಎಷ್ಟೋ ಹಾಳಾಗಿರಬಹುದು, ಆದರೆ ಸೈನ್ಯ ಉಪವಾಸ ಬೀಳಲಿಲ್ಲ. ಮರುವರ್ಷದ ಕೊನೆಗೆ ಅವರು ಇಡೀ ಸಾಮ್ರಾಜ್ಯದ ಸೇನಾ ಮುಖ್ಯಸ್ಥರು.

ನಮ್ಮ ಕೊಡಗಿನ ಕಾರ್ಯಪ್ಪನವರೂ ಹಾಗೆಯೇ. ಎರಡನೇ ಮಹಾಯುದ್ಧದಲ್ಲಿ ಇರಾಕಿನಲ್ಲಿ ಬ್ರಿಟಿಷ್ ಜನರಲ್ ಸ್ಲಿಮ್ ಅವರ 10ನೇ ಡಿವಿಷನ್‌ನಲ್ಲೂ, ಆಮೇಲೆ ಬರ್ಮಾದ ಅರಕಾನ್ ಕಡೆ 26ನೇ ಡಿವಿಷನ್‌ನಲ್ಲೂ ಅವರು ಮಾಡಿದ್ದು ಕ್ವಾರ್ಟರ್‌ಮಾಸ್ಟರ್ ಶಾಖೆಯ ಕೆಲಸ. 1949ರ ಜನವರಿ 15ರಂದು ಭಾರತದ ಮೊದಲ ಭಾರತೀಯ ಮಹಾದಂಡನಾಯಕರಾದರು. ಅವರದ್ದು ರಜಪೂತ್ ರೆಜಿಮೆಂಟು, ಸರಬರಾಜು ದಳವಲ್ಲ, ಅದು ನಿಜ. ಆದರೆ ಮೂಟೆ ಎಣಿಸಿದ ಅನುಭವ ಅವರನ್ನು ಕೆಳಗೆ ಎಳೆಯಲಿಲ್ಲ ಎಂದಷ್ಟೇ ನಿಮ್ಮಣ್ಣನವರಿಗೆ ಹೇಳಿ.

ಹಾಗಾದರೆ ನಿಮ್ಮ ಮಗಳು ಎಲ್ಲಿಯವರೆಗೆ ಹೋಗಬಹುದು? ನಾನು ಎಲ್ಲ ತಂದೆತಾಯಂದಿರಿಗೂ ಹೇಳುವುದು ಒಂದೇ: ಮೇಜರ್‌ವರೆಗಿನ ದಾರಿ ಬಹುಮಟ್ಟಿಗೆ ಅವಳ ಕೈಯಲ್ಲಿದೆ, ಅಲ್ಲಿಂದಾಚೆಗಿನದು ಬೇರೆಯವರ ಕೈಯಲ್ಲಿ. ವೆಸ್ಟ್‌ಬರಿಯಲ್ಲಿ ಆಯ್ಕೆ, ಸ್ಯಾಂಡ್‌ಹರ್ಸ್ಟ್‌ನಲ್ಲಿ 44 ವಾರ, ಆಮೇಲೆ ವಿಂಚೆಸ್ಟರ್ ಬಳಿಯ ವರ್ದಿ ಡೌನ್‌ನಲ್ಲಿ ದಳದ ಪಾಠ. 23ನೇ ವಯಸ್ಸಿಗೆಲ್ಲ ಸುಮಾರು 30 ಸೈನಿಕರ ಜವಾಬ್ದಾರಿ ತಲೆಯ ಮೇಲೆ ಬಂದಿರುತ್ತದೆ. ಕೆಲಸ ಅಚ್ಚುಕಟ್ಟಾಗಿ ಮಾಡಿದರೆ ಕ್ಯಾಪ್ಟನ್ ಕಾಲಕ್ರಮದಲ್ಲಿ ಆಗುತ್ತಾಳೆ, ಮೂವತ್ತರ ಆಸುಪಾಸಿನಲ್ಲಿ ಮೇಜರ್. ನೂರಕ್ಕೂ ಹೆಚ್ಚು ಜನರ ಸ್ಕ್ವಾಡ್ರನ್ ಅವಳದ್ದು. ನಾನು ಕಂಡ ಅಷ್ಟೂ ಅಧಿಕಾರಿಗಳು ತಮ್ಮ ಬದುಕಿನ ಅತ್ಯುತ್ತಮ ಎರಡು ವರ್ಷ ಎಂದು ಹೇಳುವುದು ಆ ಸ್ಕ್ವಾಡ್ರನ್ ನಡೆಸಿದ ಕಾಲವನ್ನು.

ಮೇಜರ್ ಆದ ಮೇಲೆ ವರ್ಷವರ್ಷವೂ ಮೇಲಧಿಕಾರಿ ಬರೆದ ವರದಿಗಳನ್ನು ಒಂದು ಮಂಡಳಿ ಮೇಜಿನ ಮೇಲೆ ಹರಡಿಕೊಂಡು ಅಂಕ ಹಾಕುತ್ತದೆ. ಮಂಡಳಿಯವರು ಅವಳ ಮುಖ ನೋಡಿರುವುದಿಲ್ಲ. ರೆಜಿಮೆಂಟಿನ ನಾಯಕತ್ವ ಸಿಗುವುದು ಕೆಲವರಿಗೆ, ಬ್ರಿಗೇಡಿಯರ್ ಹುದ್ದೆ ಅದರಲ್ಲೂ ಕೆಲವರಿಗೆ. ಶ್ರಿವೆನ್‌ಹ್ಯಾಮ್‌ನ ಸ್ಟಾಫ್ ಕಾಲೇಜಿನ ಮುಂದುವರಿದ ಕೋರ್ಸಿಗೆ ಆಯ್ಕೆಯಾಗುವುದು ಆ ಕವಲು. ಕಾಯಂ ಸೈನ್ಯದ ಗುರಿಯನ್ನೇ 73,000ಕ್ಕೆ ಇಳಿಸಿಕೊಂಡ ದೇಶದಲ್ಲಿ ಮೇಲಿನ ಕುರ್ಚಿಗಳು ಹೆಚ್ಚಾಗುವ ಸಂಭವ ಕಡಿಮೆ. ಹಾಗಾಗಿ ‘ಮೇಜರ್ ಆಗಿ ನಿಂತರೂ ಈ ವೃತ್ತಿ ಮಾಡಿದ್ದಕ್ಕೆ ನನಗೆ ಸಂತೋಷವಾಗುತ್ತದಾ?’ ಅಂತ ಅವಳು ತನ್ನನ್ನೇ ಕೇಳಿಕೊಳ್ಳಲಿ. ಹೌದು ಅಂದರೆ ಹೋಗಲಿ. ನಕ್ಷತ್ರಗಳೇ ಗುರಿಯಾದರೆ ನಾನು ಸೇರಬೇಡ ಅನ್ನುತ್ತೇನೆ.

ಸರಬರಾಜು ದಳದ ಪರವಾಗಿ ಇಲ್ಲಿ ಒಂದು ಮಾತು ಇದೆ. ಕಾಲಾಳು ಪಡೆಯ ಮೇಜರ್ 38ಕ್ಕೆ ಹೊರಬಂದರೆ ತನ್ನ ಅನುಭವವನ್ನು ನಾಗರಿಕ ಭಾಷೆಗೆ ತಿರುಗಿಸಿ ಹೇಳಬೇಕಾಗುತ್ತದೆ. ಲಾಜಿಸ್ಟಿಕ್ ಮೇಜರ್‌ಗೆ ಆ ಕಷ್ಟವಿಲ್ಲ. ಬಂದರು, ಗೋದಾಮು, ಔಷಧ ಸಾಗಣೆ, ಪರಿಹಾರ ಸಂಸ್ಥೆ, ಎಲ್ಲರಿಗೂ ಬೇಕು. ನಾನು ಕೆಲಸ ಮಾಡುವ ಕಡೆಯೇ ಅಂಥವರ ಅರ್ಜಿ ಬಂದರೆ ಮೊದಲು ಓದುತ್ತೇವೆ. ಪಿಂಚಣಿಯ ಲೆಕ್ಕ ಬೇರೆ: ಈಗಿನ ಯೋಜನೆಯಲ್ಲಿ 20 ವರ್ಷ ಸೇವೆ ಮತ್ತು 40 ವಯಸ್ಸು ಎರಡೂ ತುಂಬಿದರೆ ಹೊರಬರುವಾಗಲೇ ಒಂದು ಮೊತ್ತ ಮತ್ತು ತಿಂಗಳ ಹಣ ಶುರುವಾಗುತ್ತದೆ. ಅದಕ್ಕೆ ಮುಂಚೆ ಬಿಟ್ಟರೆ ಪಿಂಚಣಿ ಹಣ ಕೈಸೇರುವುದು ವಯಸ್ಸಾದ ಮೇಲೆ. 18ನೇ ವರ್ಷದಲ್ಲಿ ಬೇಸರಪಟ್ಟು ರಾಜೀನಾಮೆ ಕೊಟ್ಟು ಆಮೇಲೆ ಪರಿತಪಿಸಿದವರನ್ನು ಬಲ್ಲೆ.

ಬಣ್ಣ ಮತ್ತು ಹೆಣ್ಣುತನದ ಬಗ್ಗೆ ಮುಚ್ಚುಮರೆ ಬೇಡ. 2018ರಿಂದ ಬ್ರಿಟಿಷ್ ಸೈನ್ಯದ ಎಲ್ಲ ಹುದ್ದೆಗಳೂ ಹೆಣ್ಣುಮಕ್ಕಳಿಗೆ ತೆರೆದಿವೆ. ಸಂಪರ್ಕ ದಳದ ಶರೋನ್ ನೆಸ್ಮಿತ್ ಲೆಫ್ಟಿನೆಂಟ್ ಜನರಲ್ ಆಗಿ ಸೇನೆಯ ಉಪಮುಖ್ಯಸ್ಥರಾದರು. ಬಾಗಿಲು ತೆರೆದಿದೆ, ಒಳಗಿನ ಗಾಳಿ ಎಲ್ಲ ಕಡೆ ಒಂದೇ ಥರ ಇಲ್ಲ. 2021ರಲ್ಲಿ ಸಂಸದೆ ಸಾರಾ ಆಥರ್ಟನ್ ನೇತೃತ್ವದ ಸಂಸದೀಯ ಸಮಿತಿ ನಾಲ್ಕು ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾತು ಕೇಳಿತು. ಸೇವೆಯಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೆದರಿಕೆ, ಕಿರುಕುಳ ಅಥವಾ ತಾರತಮ್ಯ ಅನುಭವಿಸಿದ್ದಾಗಿ ಹೇಳಿದ್ದರು. ಬಿಳಿಯರಲ್ಲದ ಸೈನಿಕರಿಂದ ಇಂಥ ದೂರುಗಳು ಅವರ ಸಂಖ್ಯೆಗೆ ಮೀರಿ ಬರುತ್ತಿವೆ ಎಂದು 2019ರ ವಿಗ್‌ಸ್ಟನ್ ವರದಿಯೂ ಗುರುತಿಸಿತು. ಆಮೇಲೆ ದೂರು ವಿಚಾರಣೆಯ ವ್ಯವಸ್ಥೆ ಬದಲಾಗಿದೆ, ಗಂಭೀರ ಅಪರಾಧಗಳ ತನಿಖೆಗೆ ಪ್ರತ್ಯೇಕ ಘಟಕ ಬಂದಿದೆ. ಇಷ್ಟಾದರೂ, ನಾನು ತಯಾರು ಮಾಡಿದ ಹುಡುಗಿಯರಿಗೆ ಹೇಳುವುದು: ಮೊದಲ ಅಹಿತಕರ ಮಾತು ಕೇಳಿದ ದಿನವೇ ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ, ಮನೆಗೆ ಫೋನ್ ಮಾಡಿ ಹೇಳಿ. ನೀವು ಫೋನ್ ಎತ್ತಿದಾಗ ‘ಅದಕ್ಕೇ ಬೇಡ ಅಂದಿದ್ದೆ’ ಅನ್ನಬೇಡಿ. ಆ ಒಂದು ಮಾತಿನ ನಂತರ ಮಕ್ಕಳು ಹೇಳುವುದನ್ನೇ ನಿಲ್ಲಿಸುತ್ತಾರೆ.

ಊಟದ ಚಿಂತೆ ನೀವು ಬರೆದಿಲ್ಲ, ಆದರೂ ಎಲ್ಲ ತಾಯಂದಿರೂ ಕೇಳುವುದರಿಂದ ಹೇಳಿಬಿಡುತ್ತೇನೆ. ಸಸ್ಯಾಹಾರದ ರೇಷನ್ ಪ್ಯಾಕ್ ಇದೆ. 2005ರಿಂದ ಸೇನೆಗಳಿಗೆ ಹಿಂದೂ ಧರ್ಮಾಧಿಕಾರಿಯೂ ಇದ್ದಾರೆ.

ಈಗ ಓಸಿಐ. ಇದನ್ನು ಕೊನೆಗೆ ಇಟ್ಟಿದ್ದೇನೆ, ಆದರೆ ನೀವು ಮೊದಲು ಮಾಡಬೇಕಾದ ಕೆಲಸ ಇದೇ. ವಿದೇಶಿ ಸೈನ್ಯದಲ್ಲಿ ಸೇವೆಯಲ್ಲಿರುವವರಿಗೂ ಅಲ್ಲಿಂದ ನಿವೃತ್ತರಾದವರಿಗೂ ಓಸಿಐ ಪಡೆಯುವ ಅರ್ಹತೆ ಇಲ್ಲ ಎಂದು ಭಾರತದ ಗೃಹ ಸಚಿವಾಲಯ ಸ್ಪಷ್ಟವಾಗಿ ಹೇಳುತ್ತದೆ. ‘ನಿವೃತ್ತರಾದವರಿಗೂ’ ಎಂಬ ಪದವನ್ನು ಗಮನಿಸಿ. ಐದು ವರ್ಷ ಇದ್ದು ಬಿಟ್ಟುಬಂದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ಮಗಳ ಬಳಿ ಕಾರ್ಡ್ ಈಗಾಗಲೇ ಇದೆ. ಅಂಥವರು ಸೇನೆ ಸೇರಿದರೆ ಕಾರ್ಡಿನ ಗತಿ ಏನು ಎಂಬುದಕ್ಕೆ ಕನ್ನಡ ಸಂಘದ ಊಟದ ಸಾಲಿನಲ್ಲಿ ಕೇಳಿದ ಉತ್ತರ ಸಾಲದು, ನನ್ನ ಉತ್ತರವೂ ಸಾಲದು. ಅವಳೇ ತನ್ನ ಹೆಸರಿನಲ್ಲಿ ಲಂಡನ್ನಿನ ಭಾರತೀಯ ಹೈಕಮಿಷನ್‌ಗೆ ಬರೆದು, ಲಿಖಿತ ಉತ್ತರ ಪಡೆದು, ಆಮೇಲೆ ಸಹಿ ಹಾಕಲಿ. ಸುಮ್ಮನಿದ್ದು ಕಾರ್ಡ್ ಬಳಸುತ್ತಾ ಹೋದರಾಯಿತು ಎಂದು ಸಲಹೆ ಕೊಡುವವರಿದ್ದಾರೆ. ಕಾರ್ಡ್ ರದ್ದು ಮಾಡುವ ಅಧಿಕಾರ ಸರ್ಕಾರಕ್ಕಿದೆ, ಮೇಲಾಗಿ ಒಬ್ಬ ಸೇನಾಧಿಕಾರಿ ತನ್ನ ಭದ್ರತಾ ತಪಾಸಣೆಯಲ್ಲಿ ಯಾವುದನ್ನೂ ಮುಚ್ಚಿಡುವಂತಿಲ್ಲ. ಊರಿನ ನೆಂಟರು, ಆಸ್ತಿ, ಪ್ರಯಾಣ, ಎಲ್ಲವನ್ನೂ ಆ ಅರ್ಜಿಯಲ್ಲಿ ಕೇಳುತ್ತಾರೆ. ಅಜ್ಜಿ ತಿಪಟೂರಿನಲ್ಲಿರುವುದು ತಪ್ಪಲ್ಲ, ಬಚ್ಚಿಟ್ಟರೆ ಅದು ತಪ್ಪು.

ಕಾರ್ಡ್ ಹೋದರೆ ಏನಾಗುತ್ತದೆ? ಊರಿಗೆ ಹೋಗಲು ವೀಸಾ ಬೇಕು, ಸೈನ್ಯದವಳಾದ್ದರಿಂದ ಬೇಗ ಸಿಗದೆಯೂ ಇರಬಹುದು. ಅಜ್ಜಿಗೆ ಹುಷಾರಿಲ್ಲ ಅಂದ ರಾತ್ರಿಯೇ ವಿಮಾನ ಹತ್ತಲು ಆಗದೆ ಹೋಗಬಹುದು. ನನ್ನ ಪ್ರಕಾರ ಇಡೀ ನಿರ್ಧಾರದಲ್ಲಿ ಅತ್ಯಂತ ದೊಡ್ಡ ಬೆಲೆ ಇದು, ಅಪಾಯಕ್ಕಿಂತಲೂ. ತೋಟದ ವಿಷಯದಲ್ಲಿ, ಓಸಿಐ ಇದ್ದವರು ಕೃಷಿಭೂಮಿ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಕಾರ್ಡ್ ಇಲ್ಲದ ವಾರಸುದಾರಳಾಗಿ ಅವಳ ಸ್ಥಾನ ಏನು ಎಂದು ತಿಪಟೂರಿನಲ್ಲೇ ಒಬ್ಬ ಸಿವಿಲ್ ವಕೀಲರನ್ನು ಈಗಲೇ ಕೇಳಿ, ಅತ್ತೆಯವರು ಗಟ್ಟಿಯಾಗಿರುವಾಗಲೇ. ನಿಮ್ಮಿಬ್ಬರ ಕಾರ್ಡಿನ ಬಗ್ಗೆ ಹೆದರಬೇಡಿ. ಆ ನಿಯಮ ಇರುವುದು ಸೈನಿಕರ ಬಗ್ಗೆ, ಅವರ ತಂದೆತಾಯಿಯ ಬಗ್ಗೆ ಅಲ್ಲ.

ಬೇರೆ ದಾರಿಗಳೂ ಇವೆ. ಮೀಸಲು ಸೈನ್ಯದಲ್ಲಿ ಅಧಿಕಾರಿಯಾದರೆ ಸ್ಯಾಂಡ್‌ಹರ್ಸ್ಟ್‌ನ ಕೋರ್ಸ್ ಎಂಟು ವಾರಕ್ಕೆ ಇಳಿಯುತ್ತದೆ, ಹೊರಗಿನ ಕೆಲಸ ಉಳಿಯುತ್ತದೆ. ಓಸಿಐ ತೊಡಕು ಮಾತ್ರ ಅಲ್ಲಿಯೂ ಕೇಳಿ ತಿಳಿಯಬೇಕಾದದ್ದೇ. ಸಮವಸ್ತ್ರ ಇಲ್ಲದೆ ಇದೇ ಕೆಲಸ ಬೇಕೆಂದರೆ ಬ್ರಿಸ್ಟಲ್‌ನ ಆ್ಯಬಿ ವುಡ್‌ನಲ್ಲಿ ರಕ್ಷಣಾ ಸಾಮಗ್ರಿ ಖರೀದಿ ಮತ್ತು ನಿರ್ವಹಣೆಯ ದೊಡ್ಡ ನಾಗರಿಕ ಸಂಸ್ಥೆ ಇದೆ. ಅಲ್ಲಿ ಮನೆ ಒಂದೇ ಕಡೆ, ಎರಡು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವಂತಿಲ್ಲ. ಆದರೆ 23ಕ್ಕೆ ಮೂವತ್ತು ಜನರನ್ನು ನಡೆಸುವ ಅವಕಾಶವೂ ಇಲ್ಲ. ನಿಮ್ಮ ಮಗಳು ಎರಡು ವರ್ಷ ಮಳೆಯಲ್ಲಿ ತೆವಳಿ ಬಂದ ಮೇಲೂ ಇದನ್ನೇ ಕೇಳುತ್ತಿದ್ದಾಳೆ ಅಂದರೆ ಅವಳಿಗೆ ಬೇಕಾಗಿರುವುದು ಆ ಮೂವತ್ತು ಜನ ಅನ್ನಿಸುತ್ತದೆ. ಆಫೀಸರ್ಸ್ ಟ್ರೇನಿಂಗ್ ಕೋರ್‌ಗೆ ಹೋದವರೆಲ್ಲ ಸೈನ್ಯ ಸೇರಲೇಬೇಕೆಂಬ ಕಟ್ಟುಪಾಡಿಲ್ಲ. ಇದು ಅವಳ ಸ್ವಂತ ಆಯ್ಕೆ.

ನಾನು ಲೆಫ್ಟಿನೆಂಟ್ ಆಗಿದ್ದಾಗಿನ ಒಂದು ಘಟನೆ ಹೇಳುತ್ತೇನೆ, ಅವಳಿಗೆ ಓದಿಸಿ. ಚಳಿಗಾಲದ ದಾಸ್ತಾನು ಮೇಲಕ್ಕೆ ಹೋಗುತ್ತಿತ್ತು, ಹಿಮ ಬೀಳುವ ಮುಂಚೆ ಕೊನೆಯ ಲಾರಿಗಳು. ಜಾಗ ಉಳಿಸಲು ಸೀಮೆಎಣ್ಣೆ ಡಬ್ಬಗಳ ಪಕ್ಕದಲ್ಲೇ ಗೋಧಿಹಿಟ್ಟಿನ ಮೂಟೆ ಹಾಕಲು ಸಹಿ ಮಾಡಿದವನು ನಾನು. ಒಂದು ಡಬ್ಬದ ಮುಚ್ಚಳದ ರಬ್ಬರ್ ಸೀಳಿತ್ತು. ಕಣಿವೆ ಮುಚ್ಚಿತು. ಆ ಠಾಣೆಯ ಹುಡುಗರು ತಿಂಗಳುಗಟ್ಟಲೆ ಸೀಮೆಎಣ್ಣೆ ವಾಸನೆಯ ರೊಟ್ಟಿ ತಿಂದರು. ವಸಂತದಲ್ಲಿ ನಾನೇ ಮೇಲೆ ಹೋಗಿ ಕ್ಷಮೆ ಕೇಳಿದೆ. ಅಲ್ಲಿನ ಸುಬೇದಾರ್ ಸಾಹೇಬರು ಏನೂ ಅನ್ನದೆ ಒಂದು ರೊಟ್ಟಿ ತಟ್ಟೆಗೆ ಹಾಕಿ ಮುಂದಿಟ್ಟರು. ತಿಂದೆ. ಆಮೇಲೆ ಇಪ್ಪತ್ತು ವರ್ಷ ನಾನು ರಬ್ಬರ್ ನೋಡದೆ ಒಂದು ಡಬ್ಬಕ್ಕೂ ಸಹಿ ಹಾಕಲಿಲ್ಲ.

ವೆಸ್ಟ್‌ಬರಿಯ ಆಯ್ಕೆಯಲ್ಲಿ ಹೆಚ್ಚು ಜನ ಎಡವುವುದು ಓಟದಲ್ಲಲ್ಲ, ಯೋಜನಾ ಪರೀಕ್ಷೆಯಲ್ಲಿ. ಒಂದು ಪುಟ ಕಥೆ, ಒಂದು ನಕ್ಷೆ, ಗಾಯಗೊಂಡವನು ಒಬ್ಬ, ಲಾರಿ ಒಂದು, ದೋಣಿ ಒಂದು. ಬರೆದು ಮುಗಿಸಿದ ಮೇಲೆ ಎದುರಿಗೆ ನಿಲ್ಲಿಸಿ ಪಟಪಟನೆ ಕೇಳುತ್ತಾರೆ: ಗಂಟೆಗೆ 32 ಕಿ.ಮೀ., ದೂರ 56, ಈಗ ಸಮಯ 10.20, ಎಷ್ಟು ಹೊತ್ತಿಗೆ ತಲುಪುತ್ತೀರಿ? ಮನಸ್ಸಿನಲ್ಲೇ ಲೆಕ್ಕ ಹಾಕಿ 12.05 ಅಂತ ತಡವರಿಸದೆ ಹೇಳಬೇಕು. ಮಗ್ಗಿ ಬಾಯಿಪಾಠ ಇದ್ದವರಿಗೆ ಇದು ಸುಲಭ. ನೀವು ಚಿಕ್ಕಂದಿನಲ್ಲಿ ಅವಳಿಗೆ ಕನ್ನಡದಲ್ಲಿ ಮಗ್ಗಿ ಹೇಳಿಸಿದ್ದರೆ ಅದು ಈಗ ಉಪಯೋಗಕ್ಕೆ ಬರುತ್ತದೆ.

ಹೈಕಮಿಷನ್‌ನಿಂದ ಉತ್ತರ ಬಂದ ಮೇಲೆ, ಅದು ಏನೇ ಆಗಿರಲಿ, ಅವಳು ಇನ್ನೂ ಹೋಗುತ್ತೇನೆ ಅಂದರೆ ಒಂದು ಭಾನುವಾರ ನಮ್ಮ ಮನೆಗೆ ಕರೆದುಕೊಂಡು ಬನ್ನಿ. ಪೆನ್ಸಿಲ್ ಮತ್ತು ಖಾಲಿ ಹಾಳೆ ತರಲಿ, ಫೋನ್ ನಿಮ್ಮ ಕೈಚೀಲದಲ್ಲಿರಲಿ. ನಿಮ್ಮ ಯಜಮಾನರೂ ಬರಲಿ. ಅವಳು ಲೆಕ್ಕ ಮಾಡುತ್ತಿರುವಾಗ ನಾವಿಬ್ಬರೂ ಹೊರಗೆ ಒಂದು ಸುತ್ತು ನಡೆದುಬರುತ್ತೇವೆ.